ಹಸಿದ ದೇಹದ ಮಿತವ್ಯಯ

ಎಣ್ಣೆ ಕಡಿಮೆಯಾದಾಗ ಮನೆಯೊಡತಿಯು ದೀಪದ ಬತ್ತಿಯನ್ನು ಕುಗ್ಗಿಸುವಂತೆ, ಅನ್ನ ಕಡಿಮೆಯಾದಾಗ ದೇಹವೂ ತನ್ನ ವೆಚ್ಚವನ್ನು ಕುಗ್ಗಿಸುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯು ಸುಮಾರು ಒಂದು ದಿನದಲ್ಲಿ ತೀರುವುದು. ಬಳಿಕ ಕೊಬ್ಬು ಕರಗುವುದು. ಅದರೊಡನೆ ಮಾಂಸಖಂಡವೂ ಸವೆಯುವುದು. ನಾಡಿಯು ನಿಧಾನವಾಗುವುದು, ಚಳಿ ಹತ್ತುವುದು, ಕೈಕಾಲು ಸೋಲುವವು. ಮಕ್ಕಳ ಬೆಳವಣಿಗೆ ಕುಂಠಿತವಾಗುವುದು. ಇದು ಪ್ರಾಣವನ್ನುಳಿಸಲು ಸೃಷ್ಟಿಕರ್ತನು ಇಟ್ಟ ಏರ್ಪಾಡೇ ಹೊರತು ಸೋಮಾರಿತನವಲ್ಲ.

ಆದರೆ ಇದಕ್ಕೂ ಮೇರೆಯುಂಟು. 1877ರ ಕ್ಷಾಮದಲ್ಲಿ, ಬಳ್ಳಾರಿಯು ಸೇರಿದ್ದ ಮದ್ರಾಸು ಪ್ರಾಂತ್ಯದಲ್ಲಿ, ಸರ್ ರಿಚರ್ಡ್ ಟೆಂಪಲ್ಲರು ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅಲ್ಪ ಹಣವೂ ಸಾಕೆಂದರು. ದುಡಿಯುವ ದೇಹಕ್ಕೆ ಇದು ಸಾಲದೆಂದು ವೈದ್ಯರಾದ ಕಾರ್ನಿಷರು ವಾದಿಸಿದರು. ಆ ವರುಷವೇ ಕೂಲಿಯನ್ನು ಏರಿಸಬೇಕಾಯಿತು.

ಆದುದರಿಂದ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ತೊಗರಿಬೇಳೆಯು ತಪ್ಪದಿರಲಿ. ಜೋಳದ ಕೊರತೆಯನ್ನು ಬೇಳೆಯು ತುಂಬುವುದು. ಬಹುದಿನ ಹಸಿದವನಿಗೆ ಒಮ್ಮೆಲೇ ಹೆಚ್ಚು ಉಣಿಸದೆ ಸ್ವಲ್ಪಸ್ವಲ್ಪವಾಗಿ ಕೊಡತಕ್ಕದ್ದು. ಯಾಯೀರನ ಮಗಳನ್ನು ಎಬ್ಬಿಸಿದ ಕರ್ತನು ಆಕೆಗೆ ಊಟ ಕೊಡಬೇಕೆಂದು ಅಪ್ಪಣೆಮಾಡಿದನಲ್ಲವೇ? ಹೊಲದಲ್ಲಿ ಆಳು ನಿಧಾನಿಸಿದರೆ, ಬೈಯುವ ಮೊದಲು ಉಂಡೆಯಾ ಎಂದು ಕೇಳೋಣ.