ಕಾಯಕಜೀವಿಯ ಪ್ರಾಣರಕ್ಷಣೆ

ಶಿವಶರಣರು ಕಾಯಕದಲ್ಲಿ ಮೇಲುಕೀಳೆಂಬ ಭೇದವನ್ನು ಒಪ್ಪಲಿಲ್ಲ. ಚರ್ಮವನ್ನು ಹದಮಾಡುತ್ತಿದ್ದ ಡೋಹರ ಕಕ್ಕಯ್ಯನೂ ಅಂಗಳವನ್ನು ಗುಡಿಸುತ್ತಿದ್ದ ಸತ್ಯಕ್ಕನೂ ಶರಣಸಮೂಹದಲ್ಲಿ ಮಂತ್ರಿಯಾದ ಬಸವಣ್ಣನವರಿಗೆ ಸಮಾನರೇ ಆಗಿದ್ದರು. ಇದು ಭಕ್ತರೆಲ್ಲರೂ ಬಲ್ಲ ವಿಷಯ. ಆದರೆ ಈ ತತ್ತ್ವವನ್ನು ವಿಪರೀತವಾಗಿ ಗ್ರಹಿಸುವವರೂ ಉಂಟು. ಯಾವ ಕೆಲಸವೂ ಕೀಳಲ್ಲವೆಂದ ಮೇಲೆ ಮಲದ ಗುಂಡಿಯನ್ನು ಬಳಿಯುವುದೂ ಕಾಯಕವೇ. ಇಳಿಯುವವನು ಇಳಿಯಲಿ ಎಂದು ಅವರು ಸುಮ್ಮನಾಗುತ್ತಾರೆ. ಈ ಮಾತನ್ನು ವಿಚಾರಿಸಿ ನೋಡಬೇಕು.

ಮುಚ್ಚಿದ ಶೌಚಗುಂಡಿಯಲ್ಲಿಯೂ ಒಳಚರಂಡಿಯ ಮ್ಯಾನ್‌ಹೋಲಿನಲ್ಲಿಯೂ ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯೇ ಕುಂದಿ ನಾತವು ತಿಳಿಯದೆ ಹೋಗುತ್ತದೆ. ನಾತವಿಲ್ಲವೆಂದು ನಂಬಿ ಇಳಿದವನು ಕ್ಷಣಮಾತ್ರದಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಹಾರಿದ ಸಂಗಡಿಗನೂ ಅಲ್ಲಿಯೇ ಪ್ರಾಣ ಬಿಡುತ್ತಾನೆ. ಬಾಯಿಗೆ ಕಟ್ಟಿದ ಬಟ್ಟೆ ಈ ವಿಷವನ್ನು ತಡೆಯಲಾರದು.

ರಕ್ಷಣೆಯ ಸಾಧನಗಳನ್ನು ಒದಗಿಸದೆ ಇಂತಹ ಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಈ ನಿಷೇಧವು ನಗರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವನ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆದರೆ ಹೋದ ಪ್ರಾಣಕ್ಕೆ ಬೆಲೆ ಕಟ್ಟುವವರಾರು?

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಸತಿ ಲಕ್ಕಮ್ಮನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ತನಗೆ ಸಲ್ಲದ ಅಕ್ಕಿಯೇ ಆ ಮನೆಯಲ್ಲಿ ದೋಷವಾಗಿದ್ದರೆ, ಪರರ ಪ್ರಾಣವನ್ನು ಪಣವಿಟ್ಟು ಉಳಿಸಿದ ಕೆಲವು ನೂರು ರೂಪಾಯಿ ಭಕ್ತನ ಮನೆಯಲ್ಲಿ ಶುದ್ಧವಾಗುವುದೆಂತು? ಕಾಯಕವೆಂಬುದು ಮನವೊಪ್ಪಿ ಮಾಡುವ ದುಡಿಮೆ. ಹಸಿವು ಮತ್ತು ಜಾತಿ ಕೂಡಿ ಒಬ್ಬನನ್ನು ಗುಂಡಿಗೆ ನೂಕಿದರೆ ಅದು ಕಾಯಕವಲ್ಲ, ಹಿಂಸೆ.

ಆದುದರಿಂದ ಗೃಹಸ್ಥನು ಗುಂಡಿ ತುಂಬಿದಾಗ ಹೀರುವ ಯಂತ್ರದ ವಾಹನವನ್ನೇ ಕರೆಸತಕ್ಕದ್ದು. ಕೂಲಿಯವನು ತಾನಾಗಿ ಇಳಿಯುತ್ತೇನೆಂದರೂ ತಡೆಯತಕ್ಕದ್ದು. ಒಳಗೆ ಬೆಂಕಿಕಡ್ಡಿ ಗೀರಿ ನೋಡಬಾರದು. ಅಲ್ಲಿರುವ ಮೀಥೇನ್ ಅನಿಲವು ಸಿಡಿಯಬಹುದು. ಇಳಿಯುವುದು ಅನಿವಾರ್ಯವಾದಲ್ಲಿ ಅದು ತರಬೇತಿ ಪಡೆದವರ ಕೆಲಸ. ಮುಚ್ಚಳ ತೆರೆದು, ಯಂತ್ರದಿಂದ ಗಾಳಿಯೂಡಿ, ಮಾಪಕದಿಂದ ಅನಿಲವನ್ನು ಪರೀಕ್ಷಿಸಬೇಕು. ಇಳಿಯುವವನಿಗೆ ಶುದ್ಧ ಗಾಳಿಯ ಉಸಿರಾಟದ ಸಾಧನವಿರಬೇಕು; ಸೊಂಟದ ಹಗ್ಗವನ್ನು ಹಿಡಿದವರು ಮೇಲೆ ನಿಂತಿರಬೇಕು. ಯಾರಾದರೂ ಬಿದ್ದರೆ ಹಾರದೆ ಅಗ್ನಿಶಾಮಕ ದಳವನ್ನು ಕರೆಯಬೇಕು.

ದೇಹವನ್ನು ಶಿವನ ಆಲಯವೆಂದು ಶರಣರು ಕಂಡರು. ಗುಂಡಿಯ ಅಂಚಿನಲ್ಲಿ ನಿಂತ ಕೂಲಿಯವನ ದೇಹವೂ ಅಂತಹ ಆಲಯವೇ. ಕರಸ್ಥಲದ ಲಿಂಗವನ್ನು ಪೂಜಿಸಿ ಆ ಆಲಯವನ್ನು ಕೆಡವಿದರೆ ಪೂಜೆಯು ಸಲ್ಲುವುದೆಲ್ಲಿ?