ಗಿಂಡಿ ಕಾಲೇಜಿನ ಮೊದಲ ವಿದ್ಯಾರ್ಥಿನಿಯರು

ಸೈದಾಪೇಟೆಯಿಂದ ಅಡಯಾರಿಗೆ ಬಸ್ಸಿನಲ್ಲಿ ಹೋಗುವ ನಮ್ಮ ವಾಚಕರು ದಿನವೂ ಗಿಂಡಿ ಇಂಜಿನಿಯರಿಂಗ್ ಕಾಲೇಜನ್ನು ದಾಟುತ್ತಾರೆ. 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ಸುಮಾರು ಒಂದೂವರೆ ಶತಮಾನ ಹೆಣ್ಣುಮಕ್ಕಳೇ ಇರಲಿಲ್ಲ. ಆ ಬಾಗಿಲು ತೆರೆದದ್ದು ಹೇಗೆಂಬುದನ್ನು ಈ ಸಲ ತಿಳಿಯೋಣ.

ಎ. ಲಲಿತಾ ಅವರು 1919ರಲ್ಲಿ ತೆಲುಗು ಮನೆತನವೊಂದರಲ್ಲಿ ಹುಟ್ಟಿದರು. ಹದಿನೈದನೆಯ ವಯಸ್ಸಿಗೆ ಮದುವೆಯಾಯಿತು. 1937ರಲ್ಲಿ ಮಗಳು ಹುಟ್ಟಿದ ಕೆಲವೇ ತಿಂಗಳಲ್ಲಿ ಪತಿ ತೀರಿಕೊಂಡರು. ಆ ಕಾಲದಲ್ಲಿ ವಿಧವೆಗೆ ಮನೆಯ ಮೂಲೆಯೇ ಗತಿ. ಆದರೆ ತಂದೆ ಪಪ್ಪು ಸುಬ್ಬರಾಯರು ಗಿಂಡಿಯಲ್ಲೇ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕರು. ಅವರು ಪ್ರಿನ್ಸಿಪಾಲ್ ಕೆ.ಸಿ. ಚಾಕೊ ಅವರನ್ನು ಒಪ್ಪಿಸಿ ಮಗಳನ್ನು ಕಾಲೇಜಿಗೆ ಸೇರಿಸಿದರು. ಕೂಸನ್ನು ಬಂಧುಗಳು ನೋಡಿಕೊಂಡರು.

ಹಾಸ್ಟೆಲಿನಲ್ಲಿ ಲಲಿತಾ ಒಬ್ಬರೇ ಹೆಂಗಸು. ಒಬ್ಬಂಟಿತನ ಬಾಧಿಸಿತು. ಆಗ ಕಾಲೇಜಿನವರು ಇನ್ನಷ್ಟು ಹೆಣ್ಣುಮಕ್ಕಳಿಗೆ ಕರೆ ಕೊಟ್ಟರು. ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ ಸಿವಿಲ್ ವಿಭಾಗಕ್ಕೆ ಬಂದರು. 1943-44ರ ಸುಮಾರಿಗೆ ಮೂವರೂ ಪದವಿ ಪಡೆದರು. ಪದವಿಪತ್ರದ ಅಚ್ಚು ಗಂಡಸರಿಗೆಂದೇ ಇದ್ದುದರಿಂದ 'ಅವನು' ಎಂಬುದನ್ನು ಹೊಡೆದುಹಾಕಿ 'ಅವಳು' ಎಂದು ಬರೆದುಕೊಡಬೇಕಾಯಿತು!

ಮುಂದೆ ಲಲಿತಾ ಕಲ್ಕತ್ತೆಯ ಕಂಪನಿಯಲ್ಲಿ ವಿದ್ಯುತ್ ಸಾಗಣೆ ಮಾರ್ಗಗಳ ವಿನ್ಯಾಸ ಮಾಡಿದರು. ಭಾಕ್ರಾ ನಂಗಲ್ ಯೋಜನೆಯ ಕೆಲಸದಲ್ಲೂ ಅವರ ಕೈ ಇದೆ. ಅಲ್ಲಿದ್ದ ಅಣ್ಣನ ಮನೆ ಆಸರೆಯಾದ್ದರಿಂದಲೇ ಮಗಳನ್ನು ಬೆಳೆಸುತ್ತ ದುಡಿಯಲು ಸಾಧ್ಯವಾಯಿತು. ತ್ರೇಸ್ಯಾ 1971ರಲ್ಲಿ ಕೇರಳದ ಚೀಫ್ ಇಂಜಿನಿಯರ್ ಆದರು.

ನಮ್ಮ ಕನ್ನಡನಾಡಿನಲ್ಲೂ ಇಂಥವರಿದ್ದರು. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಮಿಚಿಗನ್ನಿನಲ್ಲಿ ಉನ್ನತ ಶಿಕ್ಷಣ ಪಡೆದು, 1953ರಲ್ಲಿ ಹಿಂತಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ವಿಷಯ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು.

ಇವರ ಜಾಣ್ಮೆಯನ್ನು ಹೊಗಳಿ ಸುಮ್ಮನಾದರೆ ಪಾಠ ಅರ್ಧವಾಯಿತು. ಲಲಿತಾ ಅವರಿಗೆ ಬೇಕಾದದ್ದು ನಾಲ್ಕು: ಸೇರಿಸಿಕೊಳ್ಳುವ ಕಾಲೇಜು, ಜೊತೆಗಾತಿಯರು, ಕೂಸನ್ನು ನೋಡುವ ಕೈ, ಓದಿದ ಮೇಲೆ ಕೆಲಸ. ಒಂದು ತಪ್ಪಿದ್ದರೂ ಉಳಿದವು ವ್ಯರ್ಥವಾಗುತ್ತಿದ್ದವು. ತಂದೆಯೇ ಪ್ರಾಧ್ಯಾಪಕರಾಗಿದ್ದುದು ಅವರ ಭಾಗ್ಯ. ಹೋಟೆಲ್ ಕೆಲಸಗಾರನ, ಗುಮಾಸ್ತನ ಮಗಳಿಗೆ ಅಂಥ ಶಿಫಾರಸು ಎಲ್ಲಿಯದು?

ಆದ್ದರಿಂದ ಅವಳಿಗೆ ನಾವೇ ಆಸರೆಯಾಗಬೇಕು. ಈಗ ಗಿಂಡಿಯ ಬಾಗಿಲು ತೆರೆದಿದೆ. ತರಮಣಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಆದರೆ ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಮಗಳ ಓದು. ಮನೆಯ ಒಂದೇ ಮೊಬೈಲು ಮಗನ ಕೈಯಲ್ಲಿ, ಸಂಜೆಯ ಪಾತ್ರೆ ಮಗಳ ಪಾಲಿಗೆ. ಇಬ್ಬರೂ ಪಾತ್ರೆ ತೊಳೆಯಲಿ, ಇಬ್ಬರೂ ಲೆಕ್ಕ ಬಿಡಿಸಲಿ. ವಾಚನಾಲಯಕ್ಕೆ ಬರುವಾಗ ಮಗಳನ್ನೂ ಕರೆತನ್ನಿ.