ಡಯಾಲಿಸಿಸ್ ಪೈಪಿನಿಂದ ರಕ್ತಕ್ಕೆ ನಂಜು: ಯಾವ ದಾಖಲೆ ಕೇಳಬೇಕು, ಯಾರಿಗೆ ದೂರು ಕೊಡಬೇಕು

ಮಿಷನ್‌ಗೆ ಹಾಕಿ ಸ್ವಲ್ಪ ಹೊತ್ತಿಗೇ ಮೈ ಗಡಗಡ ನಡುಗಿ ಜ್ವರ ಏರಿದರೆ, ಕುತ್ತಿಗೆಗೋ ತೊಡೆಗೋ ಡಯಾಲಿಸಿಸ್ ಪೈಪ್ ಹಾಕಿಸಿಕೊಂಡವರು ಅದನ್ನು ಬರೀ ಚಳಿಜ್ವರ ಎಂದು ಮಾತ್ರೆ ನುಂಗಿ ಸುಮ್ಮನಿರಬಾರದು. ಪೈಪಿನ ಒಂದು ತುದಿ ದೊಡ್ಡ ರಕ್ತನಾಳದ ಒಳಗೆ, ಇನ್ನೊಂದು ತುದಿ ಚರ್ಮದ ಹೊರಗೆ. ಆ ದಾರಿಯಲ್ಲಿ ನುಗ್ಗಿದ ಬ್ಯಾಕ್ಟೀರಿಯಾ ನೇರ ರಕ್ತ ಸೇರುತ್ತದೆ. ಹೃದಯದ ಕವಾಟದಲ್ಲೋ ಬೆನ್ನುಮೂಳೆಯಲ್ಲೋ ನೆಲೆಯೂರುವುದೂ ಉಂಟು. ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಿಕೊಂಡವರಿಗೆ ಈ ಅಪಾಯ ಬಹಳ ಕಡಿಮೆ. ಆದರೆ ಫಿಸ್ಟುಲಾ ಬಲಿಯಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅಷ್ಟರವರೆಗೆ ಎಂದು ಹಾಕಿದ ತಾತ್ಕಾಲಿಕ ಪೈಪನ್ನೇ ತಿಂಗಳುಗಟ್ಟಲೆ ಮುಂದುವರಿಸಿದರೆ ನಂಜಿನ ಭಯ ದಿನದಿನಕ್ಕೂ ಹೆಚ್ಚುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಇನ್ನೊಂದು ತೊಡಕಿದೆ. ಪೈಪ್ ಹಾಕಿಸಿಕೊಳ್ಳುವುದು ಚಿತ್ರದುರ್ಗ, ದಾವಣಗೆರೆ ಅಥವಾ ಬಳ್ಳಾರಿಯಲ್ಲಿ, ವಾರವಾರದ ಡಯಾಲಿಸಿಸ್ ಊರಿನ ಹತ್ತಿರದ ಸೆಂಟರಿನಲ್ಲಿ ಎಂಬಂತಾದರೆ, ನಂಜಾದ ದಿನ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಸುಲಭ. ಆದ್ದರಿಂದ ಎರಡೂ ಕಡೆಯ ಕಾಗದ ರೋಗಿಯ ಮನೆಯಲ್ಲಿರಬೇಕು.

ಕಾನೂನಿನ ಮಟ್ಟಿಗೆ ಒಂದು ಮಾತು ಮೊದಲೇ ತಿಳಿದಿರಲಿ. ಸೋಂಕು ತಗುಲಿತು ಎಂಬುದೊಂದೇ ಕಾರಣಕ್ಕೆ ಆಸ್ಪತ್ರೆಯ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಮುಂಬೈಯಲ್ಲಿ 1991ರಲ್ಲಿ ಡಯಾಲಿಸಿಸ್‌ನಲ್ಲಿದ್ದ ರೋಗಿಯೊಬ್ಬರಿಗೆ ತೀವ್ರ ಸೋಂಕಾಗಿ, ಅಮಿಕಾಸಿನ್ ಚುಚ್ಚುಮದ್ದು ಕೊಟ್ಟರು. ಅದರಿಂದಲೇ ಕಿವಿ ಕೇಳದಂತಾಯಿತು ಎಂದು ಅವರು ದೂರಿದರು. ರಾಷ್ಟ್ರೀಯ ಗ್ರಾಹಕ ಆಯೋಗ ಪರಿಹಾರ ಕೊಡಿಸಿತ್ತು. ಆದರೆ ಮಾರ್ಟಿನ್ ಡಿಸೋಜಾ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಆ ಆದೇಶವನ್ನು ರದ್ದುಮಾಡಿತು: ರೋಗಿಯ ಜೀವಕ್ಕೇ ಅಪಾಯವಿತ್ತು, ಆ ಔಷಧ ಅಗತ್ಯವಾಗಿತ್ತು ಎಂದು ಒಪ್ಪಿತು. ಹಾಗಾಗಿ ಏನಾಯಿತು ಎನ್ನುವುದಕ್ಕಿಂತ, ಮಾಡಬೇಕಾದ ಯಾವ ಕೆಲಸ ಮಾಡಲಿಲ್ಲ ಎಂಬುದನ್ನು ತೋರಿಸಬೇಕು. ಪೈಪ್ ಹಾಕಿದ ತಾರೀಕು ಯಾವುದು? ತಾತ್ಕಾಲಿಕವೋ, ಚರ್ಮದಡಿ ಹಾಯಿಸಿದ ಪರ್ಮ್‌ಕ್ಯಾತೋ? ಫಿಸ್ಟುಲಾ ಮಾಡಿಸಿ ಎಂದು ಬರೆದುಕೊಟ್ಟಿದ್ದರೇ? ಜ್ವರ ಬಂದಾಗ ಆಂಟಿಬಯಾಟಿಕ್ ಕೊಡುವ ಮುಂಚೆ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದರೇ? ಇವೆಲ್ಲಕ್ಕೂ ಉತ್ತರವಿರುವುದು ಕೇಸ್ ಶೀಟಿನಲ್ಲಿ ಮತ್ತು ಪ್ರತಿ ಸಲದ ಡಯಾಲಿಸಿಸ್ ಚಾರ್ಟಿನಲ್ಲಿ. ಕಲ್ಚರ್ ಮಾಡಿಸಿಯೇ ಇಲ್ಲ ಎಂಬುದೂ ಒಂದು ಸಾಕ್ಷ್ಯವೇ.

ಈ ದಾಖಲೆಗಳನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ, ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ, ಎರಡು ಪ್ರತಿ ಬರೆದು, ಒಂದಕ್ಕೆ ಸೀಲು ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿಯೂ ಅರ್ಜಿ ಕೊಡಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಉತ್ತರಕ್ಕೆ 30 ದಿನದ ಗಡುವು. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸಲು ಕಲ್ಚರ್ ರಿಪೋರ್ಟ್ ಬೇಕಾಗಿದ್ದರೆ ಆ ಕಾರಣವನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಸರ್ಕಾರಿ ಆಸ್ಪತ್ರೆಯೊಳಗಿನ ಡಯಾಲಿಸಿಸ್ ಘಟಕವನ್ನು ಖಾಸಗಿ ಏಜೆನ್ಸಿ ನಡೆಸುತ್ತಿದ್ದರೂ ಅರ್ಜಿ ಆಸ್ಪತ್ರೆಗೇ ಹೋಗಲಿ.

ಪರಿಹಾರಕ್ಕೆ ಎಲ್ಲಿ ಹೋಗುವುದು? ದುಡ್ಡು ತೆಗೆದುಕೊಳ್ಳುವ ಆಸ್ಪತ್ರೆಯಾದರೆ ಗ್ರಾಹಕ ಆಯೋಗ. ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನೂ ಗ್ರಾಹಕ ಕಾನೂನಿನ ಕೆಳಗೆ ತಂದಿತು. ಬೇರೆಯವರಿಂದ ಹಣ ಪಡೆಯುವ ಆಸ್ಪತ್ರೆ ಬಡ ರೋಗಿಗೆ ಉಚಿತವಾಗಿ ಚಿಕಿತ್ಸೆ ಕೊಟ್ಟಿದ್ದರೂ ಆ ರೋಗಿಗೆ ದೂರಿನ ಹಕ್ಕಿದೆ ಎಂದು ಅದೇ ತೀರ್ಪು ಹೇಳುತ್ತದೆ. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆ ಮಾತ್ರ ಇದರ ಹೊರಗೆ. ನಮ್ಮ ಭಾಗದವರಿಗೆ ಬಹಳ ಅನುಕೂಲದ ಬದಲಾವಣೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ: ಆಸ್ಪತ್ರೆ ಬಳ್ಳಾರಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಚಿತ್ರದುರ್ಗದ ಜಿಲ್ಲಾ ಆಯೋಗದಲ್ಲೇ, ದೂರು ಹಾಕಬಹುದು. ಚಿಕಿತ್ಸೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಇದನ್ನು ಮರೆಯಬೇಡಿ. ಪ್ರತಿ ದೂರಿಗೂ ತಜ್ಞರ ವರದಿ ಮೊದಲೇ ಕಡ್ಡಾಯವಲ್ಲ ಎಂದು ವಿ. ಕಿಶನ್ ರಾವ್ ಪ್ರಕರಣದಲ್ಲಿ 2010ರಲ್ಲಿ ತೀರ್ಪಾಗಿದೆ. ಹಾಗಿದ್ದರೂ ಸೋಂಕಿನ ಪ್ರಕರಣದಲ್ಲಿ ಬೇರೊಬ್ಬ ವೈದ್ಯರ ಲಿಖಿತ ಅಭಿಪ್ರಾಯ ಇಟ್ಟುಕೊಳ್ಳುವುದೇ ಲೇಸು.

ಖಾಸಗಿ ಆಸ್ಪತ್ರೆಯ ಸ್ವಚ್ಛತೆ, ದರ, ರೋಗಿಯ ಹಕ್ಕುಪತ್ರದ ಉಲ್ಲಂಘನೆ ಕುರಿತ ದೂರನ್ನು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ಉಚಿತ ಸರ್ಕಾರಿ ಆಸ್ಪತ್ರೆಯ ವಿರುದ್ಧವಾದರೆ ಜಿಲ್ಲಾ ಆರೋಗ್ಯಾಧಿಕಾರಿ, ರಾಜ್ಯ ಮಾನವ ಹಕ್ಕುಗಳ ಆಯೋಗ, ಕೊನೆಗೆ ಹೈಕೋರ್ಟ್. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಪೊಲೀಸ್ ಠಾಣೆಗೆ ಓಡುವ ಮುಂಚೆ ಯೋಚಿಸಿ. ವೈದ್ಯರ ಮೇಲೆ ಕ್ರಿಮಿನಲ್ ಪ್ರಕರಣ ನಡೆಯಲು ಘೋರ ನಿರ್ಲಕ್ಷ್ಯ ಕಾಣಬೇಕು, ಸ್ವತಂತ್ರ ವೈದ್ಯರ ಅಭಿಪ್ರಾಯವೂ ಬೇಕು ಎಂಬುದು 2005ರ ಜೇಕಬ್ ಮ್ಯಾಥ್ಯೂ ತೀರ್ಪು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯುವವರು ನಮ್ಮಲ್ಲಿ ಬಹಳ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ ಸೀಮೆ ಇದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ಬರೆಯಲು ಬಾರದವರು 15100ಕ್ಕೆ ಫೋನ್ ಮಾಡಿ ಹೇಳಬಹುದು.